‘ಒಂದು ವೇಳೆ’ ಎಂದು ಶುರುವಾಗುವ ವಾದ

ಶಿರಸಿ ಕಡೆ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ದಿನ ಡ್ರಮ್ಮಿನ ಪಕ್ಕದಲ್ಲಿ ಒಂದು ಕತ್ತಿ ಇದ್ದೇ ಇರುತ್ತದೆ. ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕದಡಬೇಕು. ತಿಳಿನೀಲಿ ಬಣ್ಣದ ಬೋರ್ಡೋ ದ್ರಾವಣ ಸಿದ್ಧ. ಕೊಳೆ ರೋಗಕ್ಕೆ ನಮ್ಮಲ್ಲಿ ಇವತ್ತಿಗೂ ಇದೇ ಮದ್ದು. ಆದರೆ ಸುಣ್ಣ ಹಳೆಯದಾಗಿದ್ದರೆ ಅದರ ಶಕ್ತಿ ಕಮ್ಮಿ. ಆಗ ಮೈಲುತುತ್ತದೊಳಗಿನ ತಾಮ್ರ ಬಿಡಿಯಾಗಿ ಉಳಿದು ಎಳೆಗಾಯಿಯನ್ನೇ ಸುಡುತ್ತದೆ. ಅದಕ್ಕೇ ಕತ್ತಿ. ಚೆನ್ನಾಗಿ ತಿಕ್ಕಿದ ಕಬ್ಬಿಣದ ಅಲಗನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಹತ್ತದಿದ್ದರೆ ಹೊಡೆಯಬಹುದು.

‘ಕೆಂಪು ಬರ್ಲಿಲ್ಲ, ಪೈಪ್ ಎತ್ತಿ’ ಎನ್ನುತ್ತಾರೆ. ಆ ಅರ್ಧ ಸಾಲಿನೊಳಗೆ ಪೂರ್ತಿ ಒಂದು ವಾದ ಕೂತಿದೆ. ಕಣ್ಣಿಗೆ ಕಂಡದ್ದು ಅಲಗು ಮಾತ್ರ. ತಿಳಿದದ್ದು ದ್ರಾವಣದೊಳಗೆ ಕಾಣದೇ ಇರುವ ತಾಮ್ರದ ವಿಷಯ. ಕಂಡದ್ದರಿಂದ ಕಾಣದ್ದಕ್ಕೆ ಹೋದ ಈ ದಾರಿ ಯಾವುದು, ಅದು ಯಾಕೆ ನಂಬಿಕೆಗೆ ಅರ್ಹ? ತರ್ಕಶಾಸ್ತ್ರದ ಮೊದಲ ಪ್ರಶ್ನೆಯೇ ಇದು. ಇದನ್ನು ಗಣಿತದವರ ಸ್ವತ್ತು ಅಂತ ಬಿಟ್ಟುಬಿಡಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ. ಇವತ್ತು ನಾವು ಇಷ್ಟೊಂದು ವಾದ ಮಾಡುತ್ತೇವೆ. ಯಾವ ಮಾತು ಯಾವ ಮಾತಿನ ಮೇಲೆ ನಿಂತಿದೆ ಎಂದು ನೋಡುವ ಅಭ್ಯಾಸ ಮಾತ್ರ ಕಮ್ಮಿಯಾಗುತ್ತಿದೆ.

ಕತ್ತಿಯ ವಾದವನ್ನು ಬಿಡಿಸಿ ಬರೆದರೆ ಹೀಗೆ. ಬಿಡಿ ತಾಮ್ರ ಇದ್ದರೆ ಅಲಗು ಕೆಂಪಾಗುತ್ತದೆ. ಅಲಗು ಕೆಂಪಾಗಿಲ್ಲ. ಆದ್ದರಿಂದ ಬಿಡಿ ತಾಮ್ರ ಇಲ್ಲ. ಮೊದಲ ಎರಡು ಮಾತು ಆಧಾರವಾಕ್ಯಗಳು, ಮೂರನೆಯದು ತೀರ್ಮಾನ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಕೇಳಬಹುದು. ಆಧಾರವಾಕ್ಯಗಳು ನಿಜವೇ? ಅವು ನಿಜ ಎಂದಿಟ್ಟುಕೊಂಡರೆ ತೀರ್ಮಾನ ನಿಜವಾಗಲೇಬೇಕೇ? ಎರಡನೇ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ವಾದ ಸಿಂಧು. ಎರಡಕ್ಕೂ ಹೌದು ಬಂದರೆ ವಾದ ಗಟ್ಟಿ.

ಮೊದಲನೆಯದನ್ನು ತಿಳಿಯಲು ತೋಟಕ್ಕೇ ಹೋಗಬೇಕು. ಕತ್ತಿಗೆ ಎಣ್ಣೆ ಹಚ್ಚಿತ್ತೇ, ಅದು ಸ್ಟೇನ್‌ಲೆಸ್ ಸ್ಟೀಲಿನದೇ, ಅದ್ದಿದ್ದು ಸಾಕಷ್ಟು ಹೊತ್ತೇ? ತಾಮ್ರ ಕಬ್ಬಿಣದ ಮೇಲೆ ಕೂರಲು ಕಬ್ಬಿಣ ಕರಗಿ ಜಾಗ ಬಿಡಬೇಕು. ಎಣ್ಣೆ ಮೆತ್ತಿದ ಅಲಗಿನಲ್ಲಿ ಅದು ಆಗುವುದಿಲ್ಲ. ಆಗ ‘ತಾಮ್ರ ಇದ್ದರೆ ಕೆಂಪಾಗುತ್ತದೆ’ ಎಂಬ ಮಾತೇ ಸುಳ್ಳು. ಎರಡನೇ ಪ್ರಶ್ನೆಗೆ ಮಾತ್ರ ತೋಟ ಬೇಡ, ಕತ್ತಿ ಬೇಡ, ಡ್ರಮ್ಮೂ ಬೇಡ. ತಾಮ್ರದ ಬದಲು ಜ್ವರ, ಕೆಂಪಿನ ಬದಲು ಥರ್ಮಾಮೀಟರಿನ ಪಾದರಸ ಹಾಕಿದರೂ ವಾದದ ಆಕಾರ ಅದೇ. ಸಿಂಧುವೇ ಅಲ್ಲವೇ ಎಂದು ಹೇಳಲು ಆ ಆಕಾರ ಒಂದೇ ಸಾಕು.

ಇನ್ನೊಂದು ವಾದ ನೋಡಿ. ಕೊಳೆ ಬಂದರೆ ಕಾಯಿ ಉದುರುತ್ತದೆ. ಕಾಯಿ ಉದುರಿದೆ. ಆದ್ದರಿಂದ ಕೊಳೆ ಬಂದಿದೆ. ಜುಲೈ ತಿಂಗಳಲ್ಲಿ ಊರ ತುಂಬ ಕೇಳುವ ಮಾತು ಇದು. ತೀರ್ಮಾನ ಎಷ್ಟೋ ಸಲ ನಿಜವೂ ಆಗಿರುತ್ತದೆ. ಆದರೂ ವಾದ ಸಿಂಧು ಅಲ್ಲ. ತಿಗಣೆ ಕಚ್ಚಿದರೂ ಕಾಯಿ ಉದುರುತ್ತದೆ. ಮರಕ್ಕೆ ಪೋಷಣೆ ಸಾಲದಿದ್ದರೂ ಉದುರುತ್ತದೆ. ಮಂಗ ಬಂದುಹೋದರೂ ಉದುರುತ್ತದೆ. ಅನುಭವ ಇರುವ ಬೆಳೆಗಾರರು ಉದುರಿದ ಕಾಯಿ ಎತ್ತಿ ತೊಟ್ಟಿನ ಹತ್ತಿರ ನೋಡುತ್ತಾರೆ. ನೀರು ಕುಡಿದಂಥ ಕಡುಹಸಿರು ಕಲೆ ಇದೆಯೇ, ಮೇಲೆ ಬಿಳಿ ಬೂಷ್ಟು ಹಬ್ಬಿದೆಯೇ ಎಂದು ಹುಡುಕುತ್ತಾರೆ. ಉದುರಿದ್ದು ಸಾಲದು ಎಂದು ಅವರಿಗೆ ಗೊತ್ತು. ‘ಇದ್ದರೆ’ ಎಂಬ ಮಾತು ಒಂದೇ ದಿಕ್ಕಿಗೆ ನಡೆಯುತ್ತದೆ. ಹಿಂದಕ್ಕೆ ನಡೆಸಬೇಕಾದರೆ ಬೇರೆ ಸಾಕ್ಷಿ ಬೇಕು.

ನಮ್ಮ ಹಳೆಯ ತರ್ಕಪರಂಪರೆಯಾದ ನ್ಯಾಯದರ್ಶನದವರು ಇದನ್ನು ಎಷ್ಟು ಸೂಕ್ಷ್ಮವಾಗಿ ಹಿಡಿದಿದ್ದರು ಎಂದು ನೋಡಿದರೆ ಹೆಮ್ಮೆ ಆಗುತ್ತದೆ. ಅವರ ಪ್ರಸಿದ್ಧ ಉದಾಹರಣೆ ಬೆಟ್ಟದ ಮೇಲಿನ ಹೊಗೆ. ಗೌತಮನ ನ್ಯಾಯಸೂತ್ರದಲ್ಲಿ ಇನ್ನೊಬ್ಬರಿಗೆ ತಿಳಿಸುವ ವಾದಕ್ಕೆ ಐದು ಅಂಗ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆಂದರೆ ಹೊಗೆ ಇದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ. ಆದ್ದರಿಂದ ಇಲ್ಲೂ ಬೆಂಕಿ. ಈಗ ಇದನ್ನು ತಿರುಗಿಸಿದರೆ? ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಇಲ್ಲ ಎನ್ನುತ್ತಾರೆ. ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ. ಅಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಂಕಿಯಿಂದ ಹೊಗೆಗೆ ಹೋಗಲು ಮಧ್ಯದಲ್ಲಿ ಹಸಿ ಸೌದೆ ಇರಬೇಕು, ಆ ಷರತ್ತನ್ನು ನೀವು ಹೇಳದೇ ನುಂಗಿದ್ದೀರಿ ಎಂದು ಬೆರಳಿಟ್ಟು ತೋರಿಸುತ್ತಾರೆ. ಹೀಗೆ ಹೇಳದೇ ಉಳಿದ ಷರತ್ತಿಗೆ ಉಪಾಧಿ ಎಂದು ಹೆಸರು ಕೊಟ್ಟರು.

ಈ ಪದ್ಧತಿಗೂ, ವಾದದ ಆಕಾರವನ್ನಷ್ಟೇ ನೋಡುವ ಇಂದಿನ ಔಪಚಾರಿಕ (ಫಾರ್ಮಲ್) ತರ್ಕಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದನ್ನು ಮುಚ್ಚಿ ಎಲ್ಲ ನಮ್ಮಲ್ಲೇ ಇತ್ತು ಎನ್ನುವುದು ಎರಡಕ್ಕೂ ಅನ್ಯಾಯ. ನ್ಯಾಯದವರಿಗೆ ಅಡುಗೆಮನೆಯ ಉದಾಹರಣೆ ಬೇಕೇ ಬೇಕು. ಅವರು ಹುಡುಕುತ್ತಿದ್ದದ್ದು ನಿಜವಾದ ಅರಿವು. ಮಾತಿನ ಆಕಾರ ಒಂದರಿಂದ ಅವರಿಗೆ ಸಮಾಧಾನ ಇಲ್ಲ. ಔಪಚಾರಿಕ ತರ್ಕ ಉಲ್ಟಾ ದಾರಿ ಹಿಡಿಯಿತು. ನಿಜ ಸುಳ್ಳಿನ ಪ್ರಶ್ನೆಯನ್ನು ಬೇಕಂತಲೇ ಪಕ್ಕಕ್ಕೆ ಇಟ್ಟು, ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವುದು ಹೇಗೆ ಎಂಬುದನ್ನೇ ನೋಡಿತು.

ಈ ಕೆಲಸಕ್ಕೆ ಅಡಿಪಾಯ ಹಾಕಿದವನು ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್. ಆದರೆ ನಾವು ಇಂದು ಬಳಸುವ ರೂಪ ಬಂದದ್ದು 1879ರಲ್ಲಿ, ಜರ್ಮನಿಯ ಗಾಟ್ಲೋಬ್ ಫ್ರೆಗೆ ಪ್ರಕಟಿಸಿದ ಒಂದು ತೆಳು ಪುಸ್ತಕದಿಂದ. ಅವನಿಗೆ ಬೇಕಿದ್ದದ್ದು ಒಂದೇ. ವಾದದ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿಹೋಗಿರಬಾರದು. ‘ಇದು ಗೊತ್ತೇ ಇದೆಯಲ್ಲ’ ಎಂದುಕೊಂಡು ಯಾವ ಮಾತೂ ನಮ್ಮ ಕಣ್ಣು ತಪ್ಪಿಸಿ ಒಳಗೆ ಬರಬಾರದು. ಅದಕ್ಕಾಗಿ ಮಾತಿನ ಬದಲು ಸಂಕೇತಗಳನ್ನೇ ಕಟ್ಟಿದ.

ಅಲ್ಲಿಂದ ಸಾಧನೆ, ಅಂದರೆ ಪ್ರೂಫ್, ಎಂಬುದಕ್ಕೆ ಸ್ಪಷ್ಟ ಅರ್ಥ ಸಿಕ್ಕಿತು. ಸಾಧನೆ ಎಂದರೆ ಸಾಲುಗಳ ಒಂದು ಪಟ್ಟಿ. ಪಟ್ಟಿಗೆ ಕೊನೆ ಇರಬೇಕು. ಪ್ರತಿ ಸಾಲೂ ಒಪ್ಪಿಕೊಂಡ ಆಧಾರವಾಕ್ಯ ಆಗಿರಬೇಕು, ಇಲ್ಲವೇ ಹಿಂದಿನ ಸಾಲುಗಳಿಂದ ಹೇಳಿದ ನಿಯಮದಂತೆ ಬಂದಿರಬೇಕು. ಕೊನೆಯ ಸಾಲು ತೀರ್ಮಾನ. ಅಷ್ಟೇ. ಇದರಲ್ಲಿ ಬರೆದವರು ದೊಡ್ಡವರೋ ಚಿಕ್ಕವರೋ ಎಂಬುದಕ್ಕೆ ಜಾಗ ಇಲ್ಲ. ದನಿ ಎತ್ತರಿಸುವುದಕ್ಕೂ ಜಾಗ ಇಲ್ಲ. ಹೈಸ್ಕೂಲ್ ಹುಡುಗಿ ಒಬ್ಬಳು ಪ್ರೊಫೆಸರ್ ಬರೆದ ಸಾಧನೆಯ ಏಳನೇ ಸಾಲಿಗೆ ಬೆರಳಿಟ್ಟು ‘ಸರ್, ಇದು ಎಲ್ಲಿಂದ ಬಂತು?’ ಎಂದರೆ ಉತ್ತರ ಕೊಡಲೇಬೇಕು. ತರ್ಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ನಿಯಮ ಮತ್ತು ಆಧಾರವಾಕ್ಯ ಒಂದೇ ಅಲ್ಲ. ಇದನ್ನು ‘ಆಲಿಸ್’ ಕಥೆಗಳ ಲೇಖಕ ಲೂಯಿಸ್ ಕ್ಯಾರಲ್ 1895ರಲ್ಲಿ ಮೈಂಡ್ ಎಂಬ ಪತ್ರಿಕೆಯಲ್ಲಿ ಗ್ರೀಕ್ ವೀರ ಅಕಿಲೀಸ್ ಮತ್ತು ಆಮೆಯ ಸಂಭಾಷಣೆಯಾಗಿ ಬರೆದ. ಆಮೆ ಎರಡು ಆಧಾರವಾಕ್ಯಗಳನ್ನೂ ಒಪ್ಪುತ್ತದೆ. ತೀರ್ಮಾನ ಒಪ್ಪುವುದಿಲ್ಲ. ‘ಇವೆರಡೂ ನಿಜವಾದರೆ ತೀರ್ಮಾನ ನಿಜ’ ಎಂಬುದನ್ನೂ ಬರೆದುಕೋ ಎನ್ನುತ್ತದೆ. ಅಕಿಲೀಸ್ ಬರೆಯುತ್ತಾನೆ. ಈಗ ಮೂರು ಆಯಿತು, ಈ ಮೂರೂ ನಿಜವಾದರೆ ತೀರ್ಮಾನ ನಿಜ ಎಂಬುದನ್ನೂ ಬರಿ ಎನ್ನುತ್ತದೆ. ಇದಕ್ಕೆ ಕೊನೆಯೇ ಇಲ್ಲ. ಎಷ್ಟೇ ಆಧಾರವಾಕ್ಯ ಪೇರಿಸಿದರೂ ಅವು ತಾವಾಗಿ ತೀರ್ಮಾನ ಕೊಡುವುದಿಲ್ಲ. ಎಲ್ಲೋ ಒಂದು ಕಡೆ ನಿಯಮ ಹಿಡಿದು ಹೆಜ್ಜೆ ಇಡಬೇಕು. ಹೆಜ್ಜೆ ಇಡುವುದು ಒಂದು ಕೆಲಸ. ಅದನ್ನು ಇನ್ನೊಂದು ಮಾತನ್ನಾಗಿ ಪಟ್ಟಿಗೆ ಸೇರಿಸಿದರೆ ಹೆಜ್ಜೆ ಇಟ್ಟ ಹಾಗೆ ಆಗುವುದಿಲ್ಲ.

‘ಎಲ್ಲ’ ಎಂಬ ಮಾತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಅದಕ್ಕೆ ಘಟ್ಟ ಇಳಿದು ಕಾರವಾರಕ್ಕೆ ಹೋಗೋಣ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಜೂನ್ ನಡುವಿನ ಒಂದು ಸಂಜೆ, ಒಂದೇ ಒಂದು ಟ್ರಾಲರೂ ಕಡಲಿಗೆ ಇಳಿಯದ ದಿನ, ಯಾರೋ ಹೇಳುತ್ತಾರೆ ಅಂದುಕೊಳ್ಳಿ: ‘ಇವತ್ತು ಕಡಲಿಗೆ ಇಳಿದ ಟ್ರಾಲರುಗಳೆಲ್ಲ ವಾಪಸ್ ಬಂದಿವೆ.’ ಈ ಮಾತು ನಿಜವೋ ಸುಳ್ಳೋ?

ಇಂದಿನ ತರ್ಕದ ಉತ್ತರ: ನಿಜ. ಮೊದಲ ಸಲ ಕೇಳಿದಾಗ ಇದು ಮೋಸ ಅನಿಸುತ್ತದೆ. ಆದರೆ ಸುಳ್ಳು ಎಂದು ತೋರಿಸಲು ಏನು ಬೇಕು ಯೋಚಿಸಿ. ಇಳಿದು, ವಾಪಸ್ ಬಾರದ ಒಂದು ಟ್ರಾಲರ್ ಬೇಕು. ಅಂಥದ್ದು ಇಲ್ಲ. ಇಳಿದದ್ದೇ ಇಲ್ಲವಲ್ಲ. ಅರಿಸ್ಟಾಟಲನ ತರ್ಕದಲ್ಲಿ ‘ಎಲ್ಲ’ ಎಂಬುದರಿಂದ ‘ಕೆಲವು’ ಎಂಬುದಕ್ಕೆ ಇಳಿಯಬಹುದಿತ್ತು. ಇಂಥ ಎಲ್ಲವೂ ಹೀಗೆ ಎಂದರೆ, ಅಂಥ ಕೆಲವಾದರೂ ಇವೆ ಎಂದು ಅಲ್ಲಿ ಗೃಹೀತ. ಫ್ರೆಗೆಯ ನಂತರದ ತರ್ಕ ಆ ಗೃಹೀತವನ್ನು ಕೈಬಿಟ್ಟಿತು. ಇದೆ ಎನ್ನುವುದಾದರೆ ಬೇರೆಯಾಗಿ ಹೇಳಿ ಎನ್ನುತ್ತದೆ. ನನಗೆ ಇದೇ ಸರಿ ಕಾಣುತ್ತದೆ. ‘ನಮ್ಮ ಹತ್ತಿರ ಬಂದ ದೂರುಗಳನ್ನೆಲ್ಲ ಪರಿಹರಿಸಿದ್ದೇವೆ’ ಎಂಬ ಹೇಳಿಕೆ ಎಲ್ಲಾದರೂ ಓದಿದರೆ, ಎಷ್ಟು ದೂರು ಬಂದಿತ್ತು ಎಂದು ಕೇಳುವ ಬುದ್ಧಿ ಇಲ್ಲಿಂದಲೇ ಬರುತ್ತದೆ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ. ಕತ್ತಿಯ ವಾದಕ್ಕೇ ಮತ್ತೆ ಹೋಗೋಣ. ಅದು ಸಿಂಧು ಎಂದು ಹೇಳಿದೆ. ಯಾಕೆ ಸಿಂಧು? ಯಾರಾದರೂ ಒಪ್ಪದೇ ಹೋದರೆ ಹೇಗೆ ಒಪ್ಪಿಸುತ್ತೀರಿ? ನಾವು ಸಹಜವಾಗಿ ಹೇಳುವುದು ಹೀಗೆ: ‘ಅಲ್ಲ ಮಾರಾಯ, ಒಂದು ವೇಳೆ ತಾಮ್ರ ಇತ್ತು ಅಂತಿಟ್ಕೋ. ಆಗ ಕತ್ತಿ ಕೆಂಪಾಗ್ಬೇಕಿತ್ತು. ಆಗ್ಲಿಲ್ಲ ಅಲ್ವಾ? ಹಾಗಾದ್ರೆ ಇಲ್ಲ ಅಂತಾಯ್ತಲ್ಲ.’ ಇದನ್ನೇ ಸಾಲು ಸಾಲಾಗಿ ಬರೆಯುತ್ತೇನೆ. ‘ಬಿಡಿ ತಾಮ್ರ ಇದೆ’ ಎಂಬುದಕ್ಕೆ ತ, ‘ಅಲಗು ಕೆಂಪಾಗುತ್ತದೆ’ ಎಂಬುದಕ್ಕೆ ಕ.

1. ತ ಆದರೆ ಕ. (ಆಧಾರವಾಕ್ಯ)
2. ಕ ಅಲ್ಲ. (ಆಧಾರವಾಕ್ಯ)
3. ಒಂದು ವೇಳೆ ತ. (ಊಹೆ)
4. ಕ. (1 ಮತ್ತು 3ರಿಂದ)
5. ವಿರೋಧ. (2 ಮತ್ತು 4ರಿಂದ)
6. ತ ಅಲ್ಲ. (3ರ ಊಹೆ ಬಿಟ್ಟುಕೊಟ್ಟು)

ಮೂರನೇ ಸಾಲನ್ನು ನೋಡಿ. ಅದು ಆಧಾರವಾಕ್ಯ ಅಲ್ಲ. ಯಾವ ಸಾಲಿನಿಂದಲೂ ಬಂದದ್ದಲ್ಲ. ಹೇಳಿದವನಿಗೆ ಅದು ಸುಳ್ಳೆಂದೇ ಗೊತ್ತು. ಆದರೂ ಹೇಳಿದ. ಊಹೆ ಎಂದರೆ ಕೈಗಡ ತಂದ ಹಾಗೆ. ಬೇಕಾದ ಕೆಲಸ ಮಾಡಿಕೊಳ್ಳಬಹುದು, ಆದರೆ ವಾದ ಮುಗಿಯುವುದರೊಳಗೆ ತೀರಿಸಬೇಕು. ತೀರಿಸದೇ ಉಳಿದರೆ ತೀರ್ಮಾನ ಆ ಊಹೆಗೇ ಕಟ್ಟಿಬಿದ್ದಿರುತ್ತದೆ. ಆರನೇ ಸಾಲಿನಲ್ಲಿ ಅದು ತೀರಿತು. ತೀರ್ಮಾನ ಈಗ ಒಂದು ಮತ್ತು ಎರಡನೇ ಸಾಲಿನ ಮೇಲೆ ಮಾತ್ರ ನಿಂತಿದೆ.

ಹೀಗೆ ಊಹೆ ತಂದು ತೀರಿಸುವುದನ್ನೇ ತರ್ಕದ ನಡುಮನೆಗೆ ತಂದವರು ಇಬ್ಬರು. ಜರ್ಮನಿಯ ಗೆರ್ಹಾರ್ಡ್ ಗೆಂಟ್ಜನ್ ಮತ್ತು ಪೋಲೆಂಡಿನ ಸ್ಟಾನಿಸ್ವಾಫ್ ಯಾಶ್ಕೋವ್ಸ್ಕಿ. ಇಬ್ಬರೂ 1934ರ ಆಸುಪಾಸಿನಲ್ಲಿ, ಒಬ್ಬರಿಗೊಬ್ಬರು ತಿಳಿಯದೇ ಪ್ರಕಟಿಸಿದರು. ಅದಕ್ಕೂ ಮುಂಚಿನ ಪದ್ಧತಿಗಳಲ್ಲಿ ಸಾಧನೆ ಕೇಳದೇ ಒಪ್ಪಿಕೊಂಡ ಮೂಲವಾಕ್ಯಗಳು ಜಾಸ್ತಿ, ನಿಯಮ ಒಂದೋ ಎರಡೋ. ಅಲ್ಲಿ ಒಂದು ಸಣ್ಣ ಮಾತನ್ನು ಸಾಧಿಸಲೂ ಊರೆಲ್ಲ ಸುತ್ತಬೇಕಿತ್ತು. ಗಣಿತದವರು ನಿಜವಾಗಿ ಯೋಚಿಸುವ ರೀತಿಗೆ ಆದಷ್ಟು ಹತ್ತಿರ ಇರಬೇಕು ಎಂಬುದು ಗೆಂಟ್ಜನ್‌ನ ಆಸೆ. ಅವನ ಪದ್ಧತಿಗೆ ಸಹಜ ನಿಗಮನ ಎಂದು ಹೆಸರು. ಊಹೆ ಎಲ್ಲಿ ಶುರುವಾಗಿ ಎಲ್ಲಿ ತೀರಿತು ಎಂದು ಕಾಣುವಂತೆ ಆ ಸಾಲುಗಳ ಸುತ್ತ ಪೆಟ್ಟಿಗೆ ಎಳೆಯುವ ಕ್ರಮ ಯಾಶ್ಕೋವ್ಸ್ಕಿಯದು. ಪೆಟ್ಟಿಗೆಯೊಳಗೆ ಬರೆದ ಸಾಲನ್ನು, ಪೆಟ್ಟಿಗೆ ಮುಚ್ಚಿದ ಮೇಲೆ ಹೊರಗೆ ಬಳಸುವಂತಿಲ್ಲ. ನಾಲ್ಕನೇ ಸಾಲಿನಲ್ಲಿ ‘ಕ’ ಎಂದು ಬರೆದಿದೆ ಎಂದು ಹೇಳಿ ಏಳನೇ ಸಾಲಿನಲ್ಲಿ ಅಲಗು ಕೆಂಪಾಗಿದೆ ಎನ್ನಲು ಬರುವುದಿಲ್ಲ.

ಇಷ್ಟು ಸರಳವಾದ ಮರ್ಯಾದೆ ನಮ್ಮ ದಿನನಿತ್ಯದ ವಾದಗಳಲ್ಲಿ ಉಳಿದಿಲ್ಲ ಎಂಬುದು ನನ್ನ ದೊಡ್ಡ ಕೊರಗು. ಚಾ ಅಂಗಡಿಯಲ್ಲಿ ‘ಒಂದು ವೇಳೆ ಆ ಯೋಜನೆ ಬಂದರೆ ಏನಾಗುತ್ತದೆ ನೋಡೋಣ’ ಎಂದರೆ ‘ಓ, ನೀವು ಅದರ ಪರ’ ಎಂಬ ಮಾತು ಬರುತ್ತದೆ. ಫೇಸ್‌ಬುಕ್ಕಿನಲ್ಲಂತೂ ಪೆಟ್ಟಿಗೆಯೊಳಗಿನ ಒಂದು ಸಾಲನ್ನು ಕತ್ತರಿಸಿ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಊಹಿಸುವುದು ಒಪ್ಪುವುದಲ್ಲ. ಎದುರಿನವರ ಮಾತನ್ನು ಸ್ವಲ್ಪ ಹೊತ್ತು ನಿಜ ಎಂದಿಟ್ಟುಕೊಂಡು ನಡೆದುನೋಡಲು ಬಿಡದಿದ್ದರೆ, ಅದು ತಪ್ಪೆಂದು ತೋರಿಸಲೂ ದಾರಿ ಇರುವುದಿಲ್ಲ. ಮೇಲಿನ ಆರು ಸಾಲುಗಳಲ್ಲಿ ಮೂರನೆಯದನ್ನು ಅಳಿಸಿ ನೋಡಿ. ಆರನೆಯದು ನಿಲ್ಲಲು ಜಾಗವೇ ಇಲ್ಲ.

ಈ ಪೆಟ್ಟಿಗೆಗಳಿಗೆ ಇನ್ನೂ ಬಲವಾದ ಉಪಯೋಗ ಇದೆ. ಎರಡು ಪಕ್ಷ ಇದ್ದಾಗ ಎರಡನ್ನೂ ಬೇರೆ ಬೇರೆ ಊಹಿಸಿ ನೋಡುವುದು. ‘ಇದು, ಅಥವಾ ಅದು’ ಎಂಬ ಸಾಲು ಕೈಯಲ್ಲಿದೆ ಎನ್ನಿ. ಯಾವುದು ಎಂದು ಗೊತ್ತಿಲ್ಲ. ಇದು ಎಂದು ಊಹಿಸಿದರೂ ಒಂದು ತೀರ್ಮಾನ ಬರುತ್ತದೆ. ಅದು ಎಂದು ಊಹಿಸಿದರೂ ಅದೇ ತೀರ್ಮಾನ ಬರುತ್ತದೆ. ಹಾಗಾದರೆ ಎರಡೂ ಪೆಟ್ಟಿಗೆ ಮುಚ್ಚಿ, ತೀರ್ಮಾನವನ್ನು ಹೊರಗೆ ಬರೆಯಬಹುದು.

ಇದಕ್ಕೆ ನನಗೆ ತಾಳಮದ್ದಲೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಕಡೆಯ ಓದುಗರಿಗೆ ಒಂದು ಮಾತು. ಇದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ ಹೇಳುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ, ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ವಾದ ಮಾಡುತ್ತಾರೆ. ಮಳೆಗಾಲದಲ್ಲಿ ಇವು ಜಾಸ್ತಿ. ರಾಮ ಭಕ್ತರೇ ತುಂಬಿದ ಸಭೆಯಲ್ಲಿ ವಾಲಿ ರಾಮನನ್ನು ನಿಲ್ಲಿಸಿ ಪ್ರಶ್ನೆ ಕೇಳಬಹುದು. ಸಭೆ ಆ ಪ್ರಶ್ನೆಯನ್ನು ಪ್ರೀತಿಯಿಂದ ಕೇಳುತ್ತದೆ. ಅರ್ಥಧಾರಿ ರಾಮದ್ರೋಹಿ ಎಂದು ಯಾರೂ ಹೇಳುವುದಿಲ್ಲ. ಇಡೀ ಸಭೆಗೇ ಪೆಟ್ಟಿಗೆಯ ಮರ್ಯಾದೆ ಗೊತ್ತಿದೆ.

ವಾಲಿವಧೆ ಪ್ರಸಂಗದ ತಿರುಳು ಎಲ್ಲರಿಗೂ ಗೊತ್ತು. ಸುಗ್ರೀವನ ಜೊತೆ ಕಾದಾಡುತ್ತಿದ್ದ ವಾಲಿಗೆ ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟ. ಬಿದ್ದ ವಾಲಿ ಕೇಳುತ್ತಾನೆ, ಇದು ಯಾವ ಧರ್ಮ? ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮ ಕೊಡುವ ಉತ್ತರಗಳಲ್ಲಿ ಎರಡು ಮುಖ್ಯ. ಒಂದು, ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಅದಕ್ಕೆ ಮರಣದಂಡನೆಯೇ ಶಿಕ್ಷೆ. ಇನ್ನೊಂದು, ನೀನು ಶಾಖಾಮೃಗ, ಅಂದರೆ ಕೋತಿ, ರಾಜರು ಮೃಗಗಳನ್ನು ಮರೆಯಲ್ಲಿ ನಿಂತು, ಬಲೆ ಒಡ್ಡಿ ಬೇಟೆ ಆಡುತ್ತಾರೆ. ವಾಲಿಯೂ ತನ್ನ ಮಾತಿನಲ್ಲಿ ಮೊದಲು, ನಾವು ಹಣ್ಣು ಗೆಡ್ಡೆ ತಿನ್ನುವ ಕಾಡಿನ ಮೃಗಗಳು, ನೀನು ಮನುಷ್ಯರ ರಾಜ, ನಮ್ಮ ನಿಮ್ಮ ನಡುವೆ ಏನು ಜಗಳ ಎಂದು ಕೇಳಿರುತ್ತಾನೆ.

ಈ ಎರಡು ಉತ್ತರ ಕೇಳಿದ ಕೂಡಲೇ ವಾಲಿ ಪಾತ್ರದವರು ಒಂದು ಪೆಟ್ಟು ಕೊಡಬಹುದು. ‘ರಾಮಾ, ನಾನು ಮೃಗವಾದರೆ ಮೃಗಕ್ಕೆ ಅತ್ತಿಗೆ ನಾದಿನಿ ಎಲ್ಲಿಯದು? ಮನುಷ್ಯರ ಧರ್ಮಕ್ಕೆ ನಾನು ಒಳಪಟ್ಟವನಾದರೆ ನನ್ನನ್ನು ಬೇಟೆ ಆಡಿದ್ದು ಹೇಗೆ? ಯಾವುದಾದರೂ ಒಂದು ಹೇಳು.’ ಸಭೆಯಲ್ಲಿ ಚಪ್ಪಾಳೆ ಬೀಳುವ ಜಾಗ ಇದು. ರಾಮ ಎರಡನ್ನೂ ಒಟ್ಟಿಗೆ ಹಿಡಿದರೆ ಸೋತ. ವಿರೋಧ ಇರುವ ಎರಡು ಸಾಲು ಒಟ್ಟಿಗೆ ಕೈಯಲ್ಲಿದ್ದರೆ ಅದರಿಂದ ಯಾವ ಮಾತನ್ನು ಬೇಕಾದರೂ ಸಾಧಿಸಬಹುದು ಎಂಬುದು ರೂಢಿಯ ಔಪಚಾರಿಕ ತರ್ಕದ ನಿಯಮ. ಎಲ್ಲವನ್ನೂ ಸಾಧಿಸುವ ಆಧಾರ ಯಾವುದಕ್ಕೂ ಆಧಾರ ಅಲ್ಲ.

ಆದರೆ ರಾಮ ಎರಡನ್ನೂ ಒಟ್ಟಿಗೆ ಹಿಡಿಯಬೇಕಾಗಿಯೇ ಇಲ್ಲ. ಹುಷಾರಿನ ಅರ್ಥಧಾರಿ ಹೀಗೆ ಹೇಳಬಹುದು. ‘ವಾಲೀ, ನೀನು ಯಾರೆಂದು ನಾನು ತೀರ್ಮಾನಿಸುವುದಿಲ್ಲ. ನೀನೇ ಆರಿಸಿಕೋ. ಒಂದು ವೇಳೆ ಮೃಗ, ಹಾಗಾದರೆ ಬೇಟೆ, ಹೊಡೆದದ್ದು ಸರಿ. ಒಂದು ವೇಳೆ ಮೃಗ ಅಲ್ಲ, ಹಾಗಾದರೆ ದಂಡನೆ, ಹೊಡೆದದ್ದು ಸರಿ. ಯಾವ ದಾರಿ ಹಿಡಿದರೂ ಹೊಡೆದದ್ದು ಸರಿ.’ ಎರಡು ಪೆಟ್ಟಿಗೆ. ಒಂದರ ಸಾಲು ಇನ್ನೊಂದರೊಳಗೆ ಹೋಗಿಲ್ಲ. ಆದ್ದರಿಂದ ವಿರೋಧವೂ ಇಲ್ಲ. ಸಭೆಗೆ ಇಬ್ಬಂದಿ ಮಾತಿನಂತೆ ಕೇಳಿದ್ದು ನಿಜವಾಗಿ ಒಂದು ಶಿಸ್ತಿನ ಸಾಧನೆಯ ಆಕಾರ. ಇದನ್ನು ಕಂಡಾಗ ನನಗೆ ಆದ ಸಂತೋಷ ಹೇಳತೀರದು.

ಹಾಗಾದರೆ ವಾಲಿ ಸೋತನೇ? ಇಲ್ಲ. ಈಗ ಸಾಲುಗಳನ್ನು ಒಂದೊಂದಾಗಿ ನೋಡಬೇಕು. ಎರಡೂ ಪೆಟ್ಟಿಗೆಗಳಿಂದ ಒಂದೇ ತೀರ್ಮಾನ ಹೊರಗೆ ಬರಬೇಕು ಎಂಬುದು ನಿಯಮ. ವಾಲಿ ಕೇಳಿದ್ದು ‘ಕೊಂದದ್ದು ಯಾಕೆ’ ಎಂದಷ್ಟೇ ಅಲ್ಲ, ‘ಮರೆಯಲ್ಲಿ ನಿಂತು ಕೊಂದದ್ದು ಯಾಕೆ’ ಎಂದು. ಮೃಗದ ಪೆಟ್ಟಿಗೆಯಿಂದ ‘ಮರೆಯಲ್ಲಿ ನಿಂತು ಹೊಡೆದದ್ದು ಸರಿ’ ಎಂದು ಬರುತ್ತದೆ, ಬೇಟೆಯಲ್ಲಿ ಮರೆ ಸೇರಿಯೇ ಇದೆ. ದಂಡನೆಯ ಪೆಟ್ಟಿಗೆಯಿಂದ ‘ಹೊಡೆದದ್ದು ಸರಿ’ ಎಂದಷ್ಟೇ ಬರುತ್ತದೆ. ‘ಮರೆಯಲ್ಲಿ’ ಎಂಬುದು ಅಲ್ಲಿ ಇಲ್ಲ. ಎರಡು ಪೆಟ್ಟಿಗೆಗಳ ಕೊನೆ ಸಾಲು ಒಂದೇ ಥರ ಕೇಳಿಸುತ್ತದೆ, ಒಂದೇ ಅಲ್ಲ.

ಇನ್ನೊಂದು ಸಂದು ಕೂಡ ಇದೆ. ‘ಮೃಗ ಅಲ್ಲ’ ಎಂಬುದರಿಂದ ‘ಮನುಷ್ಯರ ಧರ್ಮಕ್ಕೆ ಒಳಪಟ್ಟವನು’ ಎಂಬುದಕ್ಕೆ ತಾನಾಗಿ ಹೋಗಲು ಬರುವುದಿಲ್ಲ. ಮಧ್ಯೆ ಒಂದು ಸಾಲು ಬೇಕು. ವಾನರರಿಗೆ ವಾನರರದೇ ಧರ್ಮ ಎಂದು ವಾಲಿ ಹೇಳಿದರೆ ಆ ಸಾಲು ಬಿದ್ದುಹೋಗುತ್ತದೆ. ನ್ಯಾಯದವರ ಹಸಿ ಸೌದೆ ಇಲ್ಲಿಯೂ ಇದೆ ನೋಡಿ.

ಮೊದಲ ಸಾಲನ್ನೇ ಪ್ರಶ್ನಿಸುವವರೂ ಇದ್ದಾರೆ. ‘ಮೃಗ, ಅಥವಾ ಮೃಗ ಅಲ್ಲ’ ಎಂಬಂಥ ಮಾತನ್ನು ಯಾವ ಸಾಕ್ಷಿಯೂ ಇಲ್ಲದೇ ಬರೆಯಬಹುದು ಎನ್ನುತ್ತದೆ ರೂಢಿಯ ತರ್ಕ. ಹಾಲೆಂಡಿನ ಗಣಿತಜ್ಞ ಬ್ರೌವರ್ 1908ರಲ್ಲೇ ಇದಕ್ಕೆ ತಕರಾರು ತೆಗೆದ. ಎರಡರಲ್ಲಿ ಒಂದನ್ನು ತೋರಿಸುವ ದಾರಿ ಇಲ್ಲದಿದ್ದರೆ ‘ಅಥವಾ’ ಎನ್ನಲು ಏನು ಹಕ್ಕು ಎಂಬುದು ಅವನ ವಾದದ ಸಾರ. ಕೊನೆ ಇಲ್ಲದ ಸಂಖ್ಯೆಗಳ ಲೋಕದಲ್ಲಿ ಇದು ಗಂಭೀರ ಪ್ರಶ್ನೆ.

ಇಷ್ಟೆಲ್ಲ ನಿಯಮ ಮಾಡಿಕೊಂಡ ಮೇಲೆ ಅವು ಸಾಕೇ ಎಂಬ ಪ್ರಶ್ನೆ ಬಾಕಿ ಇತ್ತು. 1929ರಲ್ಲಿ ವಿಯೆನ್ನಾದಲ್ಲಿ ಕುರ್ಟ್ ಗೋಡೆಲ್ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಉತ್ತರಿಸಿದ. ‘ಎಲ್ಲ’, ‘ಕೆಲವು’ ಇರುವ ಮೊದಲ ದರ್ಜೆಯ ತರ್ಕದಲ್ಲಿ ಸಿಂಧುವಾದ ಪ್ರತಿ ವಾದಕ್ಕೂ ಒಂದು ಸಾಧನೆ ಇದ್ದೇ ಇದೆ. 1931ರಲ್ಲಿ ಅವನೇ ಇನ್ನೊಂದು ತೋರಿಸಿದ. ಅಂಕಗಣಿತದ ಮೂಲವಾಕ್ಯಗಳನ್ನು ನಿಯಮಬದ್ಧವಾಗಿ ಎಷ್ಟೇ ಪಟ್ಟಿ ಮಾಡಿದರೂ, ಅವುಗಳಲ್ಲಿ ವಿರೋಧ ಇಲ್ಲದಿದ್ದರೆ, ಸಾಧಿಸಲೂ ಆಗದ ಅಲ್ಲಗಳೆಯಲೂ ಆಗದ ಮಾತು ಉಳಿದೇ ಉಳಿಯುತ್ತದೆ. ಇವೆರಡನ್ನೂ ಕಲಸಿ ‘ತರ್ಕ ಸೋತಿತು’ ಎನ್ನುವುದನ್ನು ಆಗಾಗ ಕೇಳುತ್ತೇವೆ. ಹಾಗಲ್ಲ. ದಾಟುವ ನಿಯಮಗಳು ಸಾಕಷ್ಟಿವೆ. ಅಂಕಗಣಿತಕ್ಕೆ ಹೊರಡುವಾಗ ಕೈಯಲ್ಲಿರುವ ಆಧಾರವಾಕ್ಯಗಳು ಮಾತ್ರ ಎಂದೂ ಸಾಲುವುದಿಲ್ಲ.

1936ರಲ್ಲಿ ಅಮೆರಿಕದ ಅಲೊಂಜೊ ಚರ್ಚ್ ಮತ್ತು ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಇನ್ನೊಂದು ಮಿತಿ ತೋರಿಸಿದರು. ಒಂದು ಮಾತಿಗೆ ಸಾಧನೆ ಇದೆಯೇ ಇಲ್ಲವೇ ಎಂದು ಎಲ್ಲ ಸಂದರ್ಭದಲ್ಲೂ ಹೇಳಿಬಿಡುವ ಯಾಂತ್ರಿಕ ವಿಧಾನ ಇಲ್ಲ. ಬರೆದ ಸಾಧನೆಯನ್ನು ಸಾಲು ಸಾಲಾಗಿ ಪರೀಕ್ಷಿಸುವುದನ್ನು ಮಾತ್ರ ಯಂತ್ರಕ್ಕೆ ಬಿಡಬಹುದು. ಪಕ್ಕಪಕ್ಕದ ಪ್ರದೇಶಗಳಿಗೆ ಬೇರೆ ಬೇರೆ ಬಣ್ಣ ಬರುವಂತೆ ಬಳಿಯಲು ಯಾವ ನಕ್ಷೆಗೂ ನಾಲ್ಕು ಬಣ್ಣ ಸಾಕು ಎಂಬ ಪ್ರಮೇಯವನ್ನು 1976ರಲ್ಲಿ ಅಪೆಲ್ ಮತ್ತು ಹಾಕೆನ್ ಕಂಪ್ಯೂಟರ್ ಸಹಾಯದಿಂದ ಸಾಧಿಸಿದಾಗ ಹಲವರಿಗೆ ಸಮಾಧಾನ ಇರಲಿಲ್ಲ. ಅಷ್ಟು ಲೆಕ್ಕ ಕೈಯಲ್ಲಿ ಪರೀಕ್ಷಿಸುವವರು ಯಾರು? 2005ರಲ್ಲಿ ಜಾರ್ಜ್ ಗೊಂಥಿಯೆ ಅದರ ಪೂರ್ತಿ ಸಾಧನೆಯನ್ನು ಕಾಕ್ ಎಂಬ ತಂತ್ರಾಂಶದಲ್ಲಿ ಒಂದು ಕೊಂಡಿಯೂ ಬಿಡದೆ ಬರೆದ. ಫ್ರೆಗೆಯ ಆಸೆ ಈಡೇರಿದ ರೀತಿ ಇದು.

ವಾಲಿಗೆ ಅಂಥ ತಂತ್ರಾಂಶ ಸಹಾಯ ಮಾಡಲಾರದು. ಎಲ್ಲಿ ಸಾಲು ತಪ್ಪಿದೆ ಎಂದು ಅದು ಹೇಳಬಹುದು. ಬಿಟ್ಟಜಾಗದಲ್ಲಿ ಏನು ಬರೆಯಬೇಕು, ಬರೆದದ್ದು ನಿಜವೇ ಎಂದು ಹೇಳುವುದಿಲ್ಲ. ದಂಡನೆಯ ಪೆಟ್ಟಿಗೆಯಲ್ಲಿ ರಾಮನಿಗೆ ಒಂದು ಸಾಲು ಕಮ್ಮಿ ಇದೆ. ಅದನ್ನು ತುಂಬಲು ಕೆಲವರು ವರದ ಕಥೆ ತರುತ್ತಾರೆ. ಎದುರು ನಿಂತವರ ಅರ್ಧ ಬಲ ವಾಲಿಗೆ ಸೇರುತ್ತಿತ್ತು, ಅದಕ್ಕೇ ಮರೆ ಎನ್ನುತ್ತಾರೆ. ಕೇಳಲು ಚೆನ್ನ, ಆದರೆ ಆ ಸಾಲು ಇಲ್ಲಿ ಕೂರುವುದಿಲ್ಲ. ಮರೆ ಯಾಕೆ ಬೇಕಾಯಿತು ಎಂಬುದಕ್ಕೆ ಅದು ಉತ್ತರ. ಮರೆ ಯಾಕೆ ಸರಿ ಎಂಬುದಕ್ಕಲ್ಲ. ಇನ್ನೊಂದು ದಾರಿ ಇದಕ್ಕಿಂತ ಗಟ್ಟಿ. ದಂಡನೆ ಯುದ್ಧವಲ್ಲ, ಎದುರು ನಿಂತು ಹೊಡೆಯಬೇಕೆಂಬ ನಿಯಮ ಇರುವುದು ಯುದ್ಧಕ್ಕೆ ಎಂದು ರಾಮ ಹೇಳಬಹುದು. ಈ ಸಾಲು ಸರಿಯಾಗಿ ಕೂರುತ್ತದೆ. ಎರಡೂ ಪೆಟ್ಟಿಗೆಗಳಿಂದ ಈಗ ಒಂದೇ ತೀರ್ಮಾನ ಬರುತ್ತದೆ.

ಆಗ ವಾಲಿ ಏನು ಹೇಳಬೇಕು? ದಂಡನೆ ಎಂದರೆ ಅದಕ್ಕೆ ಮುಂಚೆ ವಿಚಾರಣೆ ಇರಬೇಕಲ್ಲ, ನನ್ನ ಮಾತು ಯಾರು ಕೇಳಿದರು, ರುಮೆಯನ್ನು ಯಾರು ಕೇಳಿದರು ಎಂದು ಕೇಳಬಹುದು. ರಾಮ ಹೊಸದಾಗಿ ತಂದ ಸಾಲಿನಿಂದಲೇ ಹುಟ್ಟುವ ಪ್ರಶ್ನೆ ಅದು. ವಾಲಿಗೆ ನಾನು ಅರ್ಥ ಹೇಳುವುದಾದರೆ ಅಲ್ಲಿಂದಲೇ ಮುಂದುವರಿಸುತ್ತೇನೆ.